ನೋಡಿದಾಕಿ ಹೇಳಬೇಕಲ್ಲ!

ಕೊಲೆ ಕಂಡ ಹೆಣ್ಣಿನ ಸಿನಿಮಾಕ್ಕೆ ಮೊದಲು ಬೇಕಾದ್ದು ಒಂದು ಕಿಟಕಿ. 1954ರ ‘ವಿಟ್ನೆಸ್ ಟು ಮರ್ಡರ್’ ಚಿತ್ರದಲ್ಲಿ ಗಾಳಿಯ ರಾತ್ರಿ ನಿದ್ದೆಗಣ್ಣಲ್ಲೇ ಕಿಟಕಿ ಮುಚ್ಚಲು ಬಂದ ಬಾರ್ಬರಾ ಸ್ಟ್ಯಾನ್ವಿಕ್‌ಗೆ ಎದುರಿನ ಕಟ್ಟಡದಲ್ಲಿ ಗಂಡಸೊಬ್ಬ ಹೆಂಗಸಿನ ಕತ್ತು ಹಿಸುಕುವುದು ಕಾಣುತ್ತದೆ. ಅಗಾಥಾ ಕ್ರಿಸ್ಟಿಯ 1957ರ ಕಾದಂಬರಿಯೊಂದರಲ್ಲಿ ಎರಡು ರೈಲುಗಳು ಅಕ್ಕಪಕ್ಕ ಓಡುತ್ತವೆ; ಈ ರೈಲಿನಲ್ಲಿ ಕೂತ ಹಿರಿಯ ಹೆಂಗಸಿನ ಕಣ್ಣಿಗೆ ಆ ರೈಲಿನೊಳಗಿನ ಕೊಲೆ ಬೀಳುತ್ತದೆ. 1961ರಲ್ಲಿ ಅದು ‘ಮರ್ಡರ್ ಶಿ ಸೆಡ್’ ಸಿನಿಮಾ ಆದಾಗ ಪತ್ತೇದಾರಿ ಅಜ್ಜಿ ಮಿಸ್ ಮಾರ್ಪಲ್‌ಳನ್ನೇ ಆ ಕಿಟಕಿಯ ಪಕ್ಕ ಕೂರಿಸಿದರು. ಕಿಟಕಿಯ ಚೌಕಟ್ಟೇ ಪರದೆಯ ಕೆಲಸ ಮಾಡುತ್ತದೆ. ನೋಡುವವಳು ಸುರಕ್ಷಿತ ದೂರದಲ್ಲಿರುತ್ತಾಳೆ. ಆ ದೂರವನ್ನು ಕೊಲೆಗಾರ ಹೇಗೆ ದಾಟಿ ಬರುತ್ತಾನೆ ಎಂಬುದೇ ಉಳಿದ ಕಥೆ.

ಇದನ್ನು ಮಾಗಳದಲ್ಲಿ ತೆಗೆಯಿರಿ ನೋಡೋಣ.

ಮಾಗಳ ಹೂವಿನಹಡಗಲಿ ತಾಲ್ಲೂಕಿನಲ್ಲಿ ತುಂಗಭದ್ರೆಯ ದಂಡೆಗಿರುವ ಊರು. ಚಾಲುಕ್ಯರ ಶೈಲಿಯ ಸೂರ್ಯನಾರಾಯಣ ಗುಡಿಯನ್ನು ನೋಡಲು ಹೊರಗಿನವರು ಆಗಾಗ ಬರುತ್ತಾರೆ. ಈ ಸೀಮೆಯ ಹಳೆಯ ಮನೆಗಳು ಮಣ್ಣಿನ ಮಾಳಿಗೆಯವು. ಗೋಡೆ ದಪ್ಪ, ಬೀದಿಗೆ ಕಿಟಕಿ ಇಲ್ಲ, ಬೆಳಕು ಬೀಳುವುದು ಮೇಲಿನ ಗವಾಕ್ಷಿಯಿಂದ. ಅದರಲ್ಲಿ ಎದುರು ಮನೆ ಕಾಣುವುದಿಲ್ಲ, ಆಕಾಶ ಕಾಣುತ್ತದೆ. ಹಾಗಾದರೆ ಹೆಣ್ಣು ಏನನ್ನಾದರೂ ಕಾಣುವುದು ಎಲ್ಲಿ? ಹೊರಗೆ, ಕೆಲಸದ ನಡುವೆ. ಹಡಗಲಿ ಮಲ್ಲಿಗೆಯ ಮೊಗ್ಗು ಬಿಸಿಲೇರುವ ಮುಂಚೆ ಬಿಡಿಸಬೇಕು. ನಸುಕಿಗೇ ತೋಟದಲ್ಲಿ ಹೆಂಗಸರಿರುತ್ತಾರೆ. ಬಟ್ಟೆ ಒಗೆಯಲು ಹೊಳೆ, ಕಳೆ ತೆಗೆಯಲು ಹೊಲ, ಕತ್ತಲಿರುವಾಗಲೇ ಬಯಲಿಗೆ ಹೋಗುವ ದಾರಿ, ಬೇಸಿಗೆಯಲ್ಲಿ ಎಲ್ಲರೂ ಮಲಗುವ ಮಾಳಿಗೆ. ಇಲ್ಲೆಲ್ಲೂ ಚೌಕಟ್ಟಿಲ್ಲ, ಸುರಕ್ಷಿತ ದೂರವಿಲ್ಲ. ಕೊಲೆ ಮಾಡಿದವನು ತಲೆಯೆತ್ತಿದರೆ ಆಕೆ ಅವನಿಗೂ ಕಂಡಳು. ಇಬ್ಬರಿಗೂ ಪರಸ್ಪರರ ಹೆಸರು, ಮನೆತನ, ಹೊಲದ ಬದು ಎಲ್ಲವೂ ಗೊತ್ತು. ಅಪರಿಚಿತ ಕೊಲೆಗಾರನನ್ನು ಹುಡುಕುವ ಗೊಡವೆಯೇ ಇಲ್ಲದ ಥ್ರಿಲ್ಲರ್ ಇದು.

ಆಮೇಲೆ ಊರು ಕೇಳುವ ಮೊದಲ ಪ್ರಶ್ನೆ ಕೊಂದವನ ಬಗ್ಗೆ ಇರುವುದಿಲ್ಲ. “ಆ ಹೊತ್ತಿನಾಗ ಅಲ್ಲಿ ನಿಂಗೇನ್ ಕೆಲ್ಸ ಇತ್ತು?”

ನನ್ನ ತಕರಾರು ಇಷ್ಟೇ: ಥ್ರಿಲ್ಲರ್‌ಗಳು ಸಾಕ್ಷಿಯ ಕಥೆ ಶುರುವಾಗಬೇಕಾದ ಜಾಗದಲ್ಲಿ ಮುಗಿದುಬಿಡುತ್ತವೆ. ಕೊಲೆಗಾರ ಅಟ್ಟಿಸಿಕೊಂಡು ಬರುತ್ತಾನೆ, ನಾಯಕಿ ಓಡುತ್ತಾಳೆ, ಕೊನೆಯ ರೀಲಿನಲ್ಲಿ ಪೊಲೀಸ್ ಜೀಪು ಬರುತ್ತದೆ, ಆಕೆ ಕಂಬಳಿ ಹೊದ್ದು ಕೂರುತ್ತಾಳೆ. ಒಂದು ರಾತ್ರಿಯ ಕೆಲಸ. ನಿಜವಾಗಿ ಕೊಲೆ ಕಂಡವಳನ್ನು ಅಟ್ಟುವವರು ಬೇರೆ. ಅವರು ನಡೆದುಕೊಂಡೇ ಬರುತ್ತಾರೆ, ಚಹಾ ಕುಡಿದು ಮಾತಾಡುತ್ತಾರೆ, ವರ್ಷಗಟ್ಟಲೆ ಬರುತ್ತಾರೆ.

ಕನ್ನಡದಲ್ಲಿ ಈ ವಸ್ತುವಿನ ಹತ್ತಿರಕ್ಕೆ ಬಂದ ಚಿತ್ರ ಸುನೀಲ್ ಕುಮಾರ್ ದೇಸಾಯಿ ಅವರ ‘ತರ್ಕ’ (1989). ಹಾಡಿಲ್ಲದ ಸಿನಿಮಾ ಓಡುತ್ತದೆಯೇ ಎಂದು ಗಾಂಧಿನಗರ ಹುಬ್ಬೇರಿಸುತ್ತಿದ್ದ ಕಾಲದಲ್ಲಿ ಬಂದು ಗೆದ್ದ ಚಿತ್ರ. ಶಂಕರ್ ನಾಗ್, ವನಿತಾ ವಾಸು, ದೇವರಾಜ್. ಪೊಲೀಸರಿಂದ ತಪ್ಪಿಸಿಕೊಂಡವನೊಬ್ಬ ರಾತ್ರಿ ಒಂದು ಮನೆ ಹೊಕ್ಕರೆ ಅಲ್ಲೊಂದು ಹೆಣ, ಪಕ್ಕದಲ್ಲಿ ಒಬ್ಬ ಹೆಂಗಸು. ಮೂಲ ಎಳೆ ಕ್ರಿಸ್ಟಿಯ 1958ರ ನಾಟಕ ‘ದಿ ಅನ್‌ಎಕ್ಸ್‌ಪೆಕ್ಟೆಡ್ ಗೆಸ್ಟ್’ನದು. ಮುಂದಿನ ವರ್ಷ ತಮಿಳಿನಲ್ಲಿ ‘ಪುರಿಯಾದ ಪುದಿರ್’ ಆಗಿ ಕೆ.ಎಸ್. ರವಿಕುಮಾರ್ ಅವರನ್ನು ನಿರ್ದೇಶಕರನ್ನಾಗಿ ಮಾಡಿತು. ಚಿತ್ರದ ಜಾಣತನ ಎಲ್ಲಿದೆಯೆಂದರೆ, ನೋಡಿದವಳು, ಮಾಡಿದವಳು, ಮುಚ್ಚಿಡುತ್ತಿರುವವಳು ಈ ಮೂವರನ್ನೂ ಒಂದೇ ಮುಖದಲ್ಲಿ ಇಟ್ಟು ನಮ್ಮನ್ನು ಕಾಯಿಸುವುದರಲ್ಲಿ. ಆಕೆ ಹೇಳುವುದನ್ನು ನಂಬಬೇಕೋ ಬೇಡವೋ? ಇದು ಕುಶಲ ಆಟ ಎನ್ನುವುದರಲ್ಲಿ ಎರಡು ಮಾತಿಲ್ಲ. ಆದರೆ ಹೆಣ್ಣಿನ ಮಾತನ್ನು ಅನುಮಾನಿಸುತ್ತಾ ಕೂರುವ ಸುಖವೂ ಅದರಲ್ಲಿ ಸೇರಿದೆ. ಆ ಸುಖ ಟಾಕೀಸಿನಲ್ಲಿ ಮಾತ್ರ ಸಿಗುವಂಥದ್ದಲ್ಲ.

ಸ್ಟ್ಯಾನ್ವಿಕ್ ಚಿತ್ರ ಇದನ್ನು ಇನ್ನೂ ಒರಟಾಗಿ, ಹಾಗಾಗಿ ಹೆಚ್ಚು ಪ್ರಾಮಾಣಿಕವಾಗಿ ತೋರಿಸುತ್ತದೆ. ಆಕೆ ಪೊಲೀಸರಿಗೆ ಫೋನ್ ಮಾಡುತ್ತಾಳೆ, ಅವರು ಬರುವಷ್ಟರಲ್ಲಿ ಹೆಣವಿಲ್ಲ. ಕನಸು ಕಂಡಿರಬೇಕು ಅನ್ನುತ್ತಾರೆ. ಜಾರ್ಜ್ ಸ್ಯಾಂಡರ್ಸ್ ಆಡಿದ ಕೊಲೆಗಾರ ಓದಿಕೊಂಡವನು, ಸಭ್ಯ. ಅವನು ಆಕೆಯ ಮನೆಗೆ ನುಗ್ಗಿ, ಆಕೆಯದೇ ಟೈಪ್‌ರೈಟರಿನಲ್ಲಿ ತನಗೇ ಬೆದರಿಕೆ ಪತ್ರ ಬಡಿದು, ಅವನ್ನು ಪೊಲೀಸರಿಗೆ ತೋರಿಸುತ್ತಾನೆ. ಆಕೆಯನ್ನು ಹುಚ್ಚಾಸ್ಪತ್ರೆಗೆ ಸೇರಿಸುತ್ತಾರೆ. ಅದೇ ವರ್ಷ ಕೆಲವು ತಿಂಗಳ ನಂತರ ಹಿಚ್‌ಕಾಕ್‌ನ ‘ರಿಯರ್ ವಿಂಡೋ’ ಬಂದು ಈ ಚಿತ್ರವನ್ನು ಮರೆಸಿಬಿಟ್ಟಿತು. ಅಲ್ಲಿ ಕಿಟಕಿಯಲ್ಲಿ ಕೂತವನು ಕಾಲು ಮುರಿದ ಫೋಟೋಗ್ರಾಫರ್. ಪೊಲೀಸ್ ಗೆಳೆಯ ಅವನನ್ನೂ ನಂಬುವುದಿಲ್ಲ, ಆದರೆ ಅವನನ್ನು ಹುಚ್ಚನೆಂದು ಕೂಡಿಹಾಕುವ ಯೋಚನೆ ಯಾರಿಗೂ ಬರುವುದಿಲ್ಲ.

ನಮ್ಮ ಕಡೆ ಹುಚ್ಚಾಸ್ಪತ್ರೆಯವರೆಗೆ ಹೋಗಬೇಕಾಗಿಲ್ಲ. ಕೊಲೆ ಕೇಸಿನಲ್ಲಿ ರಾಜಿಗೆ ಕಾನೂನು ಅವಕಾಶ ಕೊಡುವುದಿಲ್ಲ. ಹೊಲದ ಜಗಳ, ಬೈದಾಟ, ಸಣ್ಣ ಹೊಡೆದಾಟಗಳನ್ನು ಇಬ್ಬರೂ ಒಪ್ಪಿ ಮುಗಿಸಿಕೊಳ್ಳಬಹುದು. ಕೊಲೆಯಲ್ಲಿ ಎದುರು ಕಕ್ಷಿ ಸರ್ಕಾರ. ಸತ್ತವನ ಮನೆಯವರು ಒಪ್ಪಿದರೂ ಕೇಸು ನಿಲ್ಲುವುದಿಲ್ಲ. ಹಾಗೆಂದು ರಾಜಿ ನಡೆಯುವುದಿಲ್ಲವೇ? ನಡೆಯುತ್ತದೆ. ನಡೆಯಲು ಉಳಿದ ಒಂದೇ ಜಾಗ ಸಾಕ್ಷಿಯ ಬಾಯಿ. ಹಿರಿಯರು ಕೂತು ಹೊಲ ಇಷ್ಟು, ರೊಕ್ಕ ಇಷ್ಟು ಎಂದು ಮಾತಾಡಿದ ಮೇಲೆ ಆಕೆಯ ಅತ್ತೆಮನೆಗೆ ಸುದ್ದಿ ಬರುತ್ತದೆ. “ಯವ್ವಾ, ನೀ ಏನೂ ನೋಡಿಲ್ಲ ಅನ್ನು, ಅಷ್ಟಾ. ಕತ್ಲಿತ್ತು ಅನ್ನು.” ಬೆದರಿಕೆ ಕೂಡ ಬೆದರಿಕೆಯ ದನಿಯಲ್ಲಿ ಬರುವುದಿಲ್ಲ. ನಾಳೆ ಮಗಳ ಲಗ್ನ ಇದೆ, ನೀರಿನ ಪಾಳಿ ಇದೆ, ಅವರ ಹೊಲದಾಗೇ ಕೂಲಿಗೆ ಹೋಗಬೇಕು ಎನ್ನುವ ಲೆಕ್ಕಾಚಾರದ ದನಿ ಅದು.

ಈ ರಾಜಿ ಸುಲಭವಾಗಲು ಕಾನೂನಿನ ಒಂದು ಏರ್ಪಾಡೂ ಕಾರಣ, ಅದರ ಉದ್ದೇಶ ಒಳ್ಳೆಯದೇ ಆದರೂ. ತನಿಖೆಯ ವೇಳೆ ಪೊಲೀಸರು ಬರೆದುಕೊಳ್ಳುವ ಹೇಳಿಕೆಗೆ ಸಾಕ್ಷಿಯ ಸಹಿ ಹಾಕಿಸಿಕೊಳ್ಳುವಂತಿಲ್ಲ. ಠಾಣೆಯಲ್ಲಿ ಹೆದರಿಸಿ ಬರೆಸಿಕೊಂಡಾರು ಎಂಬ ಬ್ರಿಟಿಷ್ ಕಾಲದ ಅಂಜಿಕೆ ಅದಕ್ಕೆ ಮೂಲ. ಹಾಗಾಗಿ ಆ ಹೇಳಿಕೆ ಪುರಾವೆಯಲ್ಲ. ಸಾಕ್ಷಿ ಕಟಕಟೆ ಹತ್ತಿ ನ್ಯಾಯಾಧೀಶರ ಮುಂದೆ ಹೇಳುವುದೇ ಪುರಾವೆ. ಕೊಲೆಗೂ ಕಟಕಟೆಗೂ ನಡುವೆ ವರ್ಷಗಳು ಬೀಳುತ್ತವೆ. ಅಷ್ಟು ದಿನ ಇಡೀ ಕೇಸನ್ನು ಆಕೆ ಒಬ್ಬಳೇ ತಲೆಯಲ್ಲಿ ಹೊತ್ತುಕೊಂಡಿರಬೇಕು. ಮ್ಯಾಜಿಸ್ಟ್ರೇಟರ ಮುಂದೆ ಪ್ರಮಾಣ ಮಾಡಿಸಿ ಹೇಳಿಕೆ ಬರೆಸಿದರೆ ಕಟ್ಟು ಸ್ವಲ್ಪ ಬಿಗಿಯಾಗುತ್ತದೆ, ಆದರೂ ಕೊನೆಗೆ ಕಟಕಟೆಯ ಮಾತೇ ಮಾತು. ಅಲ್ಲಿ “ನನಗೇನೂ ಗೊತ್ತಿಲ್ರೀ ಸಾಹೇಬ್ರ” ಅಂದರೆ ಸರ್ಕಾರಿ ವಕೀಲರು ಆಕೆಯನ್ನು ಪ್ರತಿಕೂಲ ಸಾಕ್ಷಿ ಎಂದು ಪರಿಗಣಿಸಲು ಅನುಮತಿ ಕೇಳಿ, ತಮ್ಮದೇ ಸಾಕ್ಷಿಗೆ ತಾವೇ ಪಾಟೀ ಸವಾಲು ಹಾಕುತ್ತಾರೆ. ಕೋರ್ಟಿನ ಹೊರಗೆ ಇದಕ್ಕೆ ‘ಉಲ್ಟಾ ಹೊಡೆದಳು’ ಅಂತಾರೆ. ಯಾರು ಹೊಡೆಸಿದರು ಎಂದು ಕೇಳುವವರು ಕಡಿಮೆ.

ಹೆಣ್ಣಿನ ಸಾಕ್ಷಿಯ ಬಗ್ಗೆ ನಮ್ಮ ಸುಪ್ರೀಂ ಕೋರ್ಟು ಬಹಳ ಹಿಂದೆಯೇ ಒಂದು ಮಾತು ಹೇಳಿದೆ. ಅದಕ್ಕೆ ಸಿಗಬೇಕಾದ ಪ್ರಚಾರ ಸಿಕ್ಕಿಲ್ಲ. 1953ರ ದಲೀಪ್ ಸಿಂಗ್ ಪ್ರಕರಣ, ಪಂಜಾಬಿನದು. ಕೊಲೆಯನ್ನು ಕಂಡವರು ಇಬ್ಬರು ಹೆಂಗಸರು, ಸತ್ತವರ ಮನೆಯವರು. ಅವರ ಮಾತಿಗೆ ಬೇರೆ ಆಧಾರ ಬೇಕು ಎಂದಿತ್ತು ಹೈಕೋರ್ಟು. ನ್ಯಾಯಮೂರ್ತಿ ವಿವಿಯನ್ ಬೋಸ್ ಅದನ್ನು ಒಪ್ಪಲಿಲ್ಲ. ಸಾಕ್ಷಿಗಳು ಹೆಂಗಸರು, ಏಳು ಗಂಡಸರ ಹಣೆಬರಹ ಅವರ ಮಾತಿನ ಮೇಲೆ ನಿಂತಿದೆ ಎಂಬ ಕಾರಣಕ್ಕೆ ಹಾಗೆ ಅನ್ನುವುದಾದರೆ ಅಂಥ ನಿಯಮ ಯಾವುದೂ ತಮಗೆ ತಿಳಿದಿಲ್ಲ ಎಂಬರ್ಥದಲ್ಲಿ ಬರೆದರು. ಹತ್ತಿರದ ಸಂಬಂಧಿ ನಿಜವಾದ ಕೊಲೆಗಾರನನ್ನು ಬಿಟ್ಟು ಅಮಾಯಕನನ್ನು ಸಿಕ್ಕಿಸುವುದು ಅಪರೂಪ ಎಂದೂ ಸೇರಿಸಿದರು. ನಾಲ್ಕು ವರ್ಷದ ನಂತರ ವಡಿವೇಲು ತೇವರ್ ಪ್ರಕರಣದಲ್ಲಿ ಅದೇ ಕೋರ್ಟು, ಸಾಕ್ಷಿ ನಂಬಿಕಸ್ತರಾದರೆ ಒಬ್ಬರೇ ಸಾಕು, ತಲೆ ಎಣಿಸಬೇಕಾಗಿಲ್ಲ ಎಂದಿತು. ಅಂದರೆ ಮಲ್ಲಿಗೆ ತೋಟದಲ್ಲಿ ಒಬ್ಬಳೇ ಇದ್ದ ಹೆಂಗಸಿನ ಒಂದೇ ಮಾತಿನ ಮೇಲೆ ಕಾನೂನು ನಿಲ್ಲಬಲ್ಲದು. ಊರು ನಿಲ್ಲಬೇಕಲ್ಲ.

ಪಾಟೀ ಸವಾಲನ್ನು ಸಿನಿಮಾದವರು ಕೂಗಾಟವಾಗಿ ತೆಗೆಯುತ್ತಾರೆ. ನಿಜವಾದ ಪಾಟೀ ಸವಾಲು ತಣ್ಣಗಿರುತ್ತದೆ. ಎಷ್ಟು ಗಂಟೆಗೆ ನೋಡಿದಿರಿ? ಎಷ್ಟು ಅಡಿ ದೂರ? ಬೆಳದಿಂಗಳಿತ್ತೇ? ಮಾಗಳದಂಥ ಊರಿನ ಹೆಂಗಸು ಗಂಟೆ, ತಾರೀಖು ಹೇಳುವುದಿಲ್ಲ. ಮೈಲಾರದ ಕಾರಣಿಕ ಆಗಿ ಮೂರನೇ ದಿವಸ, ಹಾಲು ಹಾಕುವ ಹೊತ್ತು ಅನ್ನುತ್ತಾಳೆ. ಮೈಲಾರ ಇದೇ ತಾಲ್ಲೂಕಿನದು. ಕಾರಣಿಕ ನಡೆಯುವುದು ಭರತ ಹುಣ್ಣಿಮೆಯ ಜಾತ್ರೆಯಲ್ಲಿ, ಆ ಲೆಕ್ಕ ಯಾರಿಗೂ ತಪ್ಪುವುದಿಲ್ಲ. ಅದನ್ನು ಟೈಪಿಸ್ಟು ಇಸವಿ, ತಿಂಗಳು, ಬೆಳಗಿನ ಐದೂವರೆ ಎಂದು ಬರೆದುಕೊಂಡ ಕ್ಷಣ ಆಕೆ ತಾನು ಹೇಳದ ಒಂದು ಗಂಟೆಗೆ ಸಿಕ್ಕಿಬಿದ್ದಳು. ಠಾಣೆಯಲ್ಲಿ ಐದು ಅಂದಿದ್ದಿರಿ, ಇಲ್ಲಿ ಐದೂವರೆ ಅನ್ನುತ್ತೀರಿ ಎಂದು ವಕೀಲರು ಹಿಡಿಯುತ್ತಾರೆ. 1858ರಲ್ಲಿ ಅಮೆರಿಕದಲ್ಲಿ ವಕೀಲನಾಗಿದ್ದ ಅಬ್ರಹಾಂ ಲಿಂಕನ್, ತಲೆಯ ಮೇಲೆ ಚಂದ್ರನಿದ್ದ, ಬೆಳಕಲ್ಲಿ ಕಂಡೆ ಎಂದ ಸಾಕ್ಷಿಯ ಮುಂದೆ ಪಂಚಾಂಗ ಬಿಚ್ಚಿ, ಆ ಹೊತ್ತಿಗೆ ಚಂದ್ರ ಮುಳುಗುವುದರಲ್ಲಿದ್ದ ಎಂದು ತೋರಿಸಿ ತನ್ನ ಕಕ್ಷಿಗಾರನನ್ನು ಬಿಡಿಸಿಕೊಂಡ. ಹುಣ್ಣಿಮೆ ಅಮಾವಾಸ್ಯೆಗಳಲ್ಲೇ ಬದುಕು ಎಣಿಸುವ ನಮ್ಮ ಹೆಂಗಸರನ್ನು ಆ ಉಪಾಯದಿಂದ ಕೆಡವುವುದು ಕಷ್ಟ. ಅವರು ಬೀಳುವುದು ಗಡಿಯಾರದ ಮುಂದೆ.

ನೆನಪನ್ನು ಕೆಡಿಸುವುದೂ ಸುಲಭ ಎನ್ನುವುದನ್ನು ಮರೆಯಬಾರದು. 1974ರಲ್ಲಿ ಎಲಿಜಬೆತ್ ಲಾಫ್ಟಸ್ ಎಂಬ ಮನೋವಿಜ್ಞಾನಿ ಜನರಿಗೆ ಕಾರು ಅಪಘಾತದ ಚಿತ್ರ ತೋರಿಸಿ, ಕಾರುಗಳು ತಾಗಿದವೇ, ಅಪ್ಪಳಿಸಿದವೇ ಎಂದು ಪ್ರಶ್ನೆಯ ಕ್ರಿಯಾಪದ ಮಾತ್ರ ಬದಲಿಸಿ ಕೇಳಿದರು. ಅಪ್ಪಳಿಸಿದವೇ ಎಂದು ಕೇಳಿಸಿಕೊಂಡವರಲ್ಲಿ ಹೆಚ್ಚು ಜನ ಇಲ್ಲದ ಒಡೆದ ಗಾಜನ್ನೂ ‘ನೋಡಿದ್ದೆ’ ಅಂದರು. ಈ ಮಾತನ್ನು ನಮಗೆ ಮನದಟ್ಟು ಮಾಡಿದ ಕನ್ನಡ ಚಿತ್ರ ‘ದೃಶ್ಯ’ (2014), ಮಲಯಾಳದಿಂದ ಬಂದದ್ದು. ನಾಯಕ ತನ್ನ ಕುಟುಂಬವನ್ನು ಉಳಿಸಲು ಊಟದ ಹೋಟೆಲು, ಬಸ್ಸು, ಟಾಕೀಸುಗಳನ್ನೆಲ್ಲ ಸುತ್ತಿ, ಸಾಮಾನ್ಯ ಜನರ ನೆನಪಿನಲ್ಲಿ ಒಂದು ದಿನವನ್ನು ಇನ್ನೊಂದು ದಿನದ ಜಾಗಕ್ಕೆ ಇಡುತ್ತಾನೆ. ಆ ಸಾಕ್ಷಿಗಳು ಸುಳ್ಳು ಹೇಳುವುದಿಲ್ಲ. ಪೂರ್ಣ ನಂಬಿ ಹೇಳುತ್ತಾರೆ. ಪ್ರೇಕ್ಷಕರು ಶಿಳ್ಳೆ ಹೊಡೆದರು, ನಾನೂ ಖುಷಿಪಟ್ಟೆ. ಆದರೆ ನಾವು ಮೆಚ್ಚಿದ್ದು ಸಾಕ್ಷಿ ತಿರುಚುವ ಕಲೆಯನ್ನೇ. ಸುಳ್ಳು ಸಾಕ್ಷಿಯ ಪಾಪದ ಮೇಲೆ ಎಸ್.ಎಲ್. ಭೈರಪ್ಪನವರು ಒಂದು ಇಡೀ ಕಾದಂಬರಿಯನ್ನೇ (‘ಸಾಕ್ಷಿ’, 1986) ಬರೆದ ಭಾಷೆ ಇದು.

ಸಾಕ್ಷಿ ನಿಲ್ಲದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಕರ್ನಾಟಕದ ಗಾಯ ಕಂಬಾಲಪಲ್ಲಿ. 2000ದ ಮಾರ್ಚ್ 11ರಂದು, ಆಗ ಕೋಲಾರ ಜಿಲ್ಲೆಯಲ್ಲಿದ್ದ ಚಿಂತಾಮಣಿ ತಾಲ್ಲೂಕಿನ ಆ ಊರಲ್ಲಿ ಏಳು ಜನ ದಲಿತರನ್ನು ಸುಟ್ಟು ಕೊಂದರು. ಸಾಕ್ಷಿಗಳು ಒಬ್ಬರ ಹಿಂದೊಬ್ಬರು ಪ್ರತಿಕೂಲರಾದರು. 2006ರಲ್ಲಿ ಆರೋಪಿಗಳು ಬಿಡುಗಡೆಯಾದರು, 2014ರಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಏಳು ಹೆಣ ನಿಜ, ಕೊಂದವರು ಮಾತ್ರ ಯಾರೂ ಇಲ್ಲ. ವಡೋದರದ ಬೆಸ್ಟ್ ಬೇಕರಿ ಪ್ರಕರಣದಲ್ಲಿ 14 ಜನ ಸತ್ತಿದ್ದನ್ನು ಕಂಡ ಜಾಹಿರಾ ಶೇಖ್ ಕೋರ್ಟಿನಲ್ಲಿ ಮಾತು ಬದಲಿಸಿದಳು, ಬೆದರಿಕೆಯಿಂದ ಬದಲಿಸಿದೆ ಎಂದಳು, ಸುಪ್ರೀಂ ಕೋರ್ಟು 2004ರಲ್ಲಿ ಮರುವಿಚಾರಣೆಯನ್ನು ಗುಜರಾತಿನಾಚೆಗೆ ಕಳಿಸಿತು, ಅಲ್ಲಿ ಮತ್ತೆ ಬದಲಿಸಿದಳು. 2006ರಲ್ಲಿ ಆಕೆಗೇ ಒಂದು ವರ್ಷ ಜೈಲು. ಆಕೆಯನ್ನು ಸುಳ್ಳಿ ಎಂದು ಬೈದು ಮುಗಿಸುವುದು ಸುಲಭ. ಹತ್ತೊಂಬತ್ತು-ಇಪ್ಪತ್ತರ ಹುಡುಗಿಯನ್ನು ಎರಡೂ ಕಡೆಯಿಂದ ಎಳೆದವರ ಕಥೆಯನ್ನು ಯಾರಾದರೂ ಚಿತ್ರ ಮಾಡಿದರೆ ಅದು ಯಾವ ಥ್ರಿಲ್ಲರಿಗೂ ಕಡಿಮೆಯಾಗದು.

ಹೊಳೆಯಾಚೆಗೆ ಕೊಪ್ಪಳ ಜಿಲ್ಲೆಯ ಮರಕುಂಬಿಯ ಕೇಸಿದೆ. ಅದು ಕೊಲೆಯ ಪ್ರಕರಣವಲ್ಲ, ಆದರೆ ಶುರುವಾದದ್ದು ಸಿನಿಮಾ ಟಿಕೆಟ್ಟಿನ ಸಾಲಿನಲ್ಲಿ. 2014ರ ಆಗಸ್ಟ್‌ನಲ್ಲಿ ಗಂಗಾವತಿಯ ಚಿತ್ರಮಂದಿರದಲ್ಲಿ ಹತ್ತಿದ ಜಗಳ ಊರಿಗೆ ಬಂದು ದಲಿತರ ಗುಡಿಸಲಿಗೆ ಬೆಂಕಿಯಾಯಿತು. ಹತ್ತು ವರ್ಷದ ನಂತರ, 2024ರ ಅಕ್ಟೋಬರಿನಲ್ಲಿ ಕೊಪ್ಪಳದ ಸೆಷನ್ಸ್ ಕೋರ್ಟು 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಮುಂದಿನ ತಿಂಗಳೇ ಹೈಕೋರ್ಟಿನಿಂದ ಬಹುತೇಕರಿಗೆ ಜಾಮೀನು ಸಿಕ್ಕಿತು. ಸಾಕ್ಷಿ ಹೇಳಿದವರೂ ಶಿಕ್ಷೆಯಾದವರೂ ಒಂದೇ ಊರಿನವರು.

ಕಾನೂನು ಏನೂ ಮಾಡಿಲ್ಲವೆಂದಲ್ಲ. ಸಾಕ್ಷಿಗಳನ್ನು ದಿನವಿಡೀ ಕಾಯಿಸಿ, ಕೂರಲು ಜಾಗ, ಕುಡಿಯಲು ನೀರಿಲ್ಲದೆ ವಾಯಿದೆ ಮೇಲೆ ವಾಯಿದೆ ಹಾಕಿ ಕಳಿಸುವುದರ ಬಗ್ಗೆ ಸುಪ್ರೀಂ ಕೋರ್ಟು 2000ದ ಸ್ವರಣ್ ಸಿಂಗ್ ತೀರ್ಪಿನಲ್ಲಿ ಖಾರವಾಗಿಯೇ ಬರೆಯಿತು. 2018ರ ಡಿಸೆಂಬರ್ 5ರಂದು ಮಹೇಂದರ್ ಚಾವ್ಲಾ ಪ್ರಕರಣದಲ್ಲಿ ಸಾಕ್ಷಿ ರಕ್ಷಣಾ ಯೋಜನೆಯನ್ನು ದೇಶಕ್ಕೆಲ್ಲ ಕಾನೂನಿನಂತೆ ಜಾರಿ ಮಾಡಿತು. ಜಿಲ್ಲಾ ನ್ಯಾಯಾಧೀಶರ ಸಮಿತಿಗೆ ಅರ್ಜಿ ಹಾಕಬೇಕು. ಉಪವಿಭಾಗದ ಡಿವೈಎಸ್ಪಿ ಅಪಾಯ ಎಷ್ಟಿದೆ ಎಂದು ಐದು ಕೆಲಸದ ದಿನಗಳಲ್ಲಿ ವರದಿ ಕೊಡಬೇಕು. ಮನೆಗೆ ಗಟ್ಟಿ ಬಾಗಿಲು, ಸಿಸಿ ಕ್ಯಾಮೆರಾ, ಫೋನ್ ನಂಬರ್ ಬದಲಾವಣೆ, ಕೋರ್ಟಿಗೆ ಬೆಂಗಾವಲು, ಆರೋಪಿ ಎದುರಾಗದಂತೆ ವಿಚಾರಣೆ, ತೀರಾ ಅಗತ್ಯವಾದರೆ ಬೇರೆ ಊರು, ಬೇರೆ ಗುರುತು. ಒಂದು ಸಲ ಕೊಡುವ ರಕ್ಷಣೆ ಮೂರು ತಿಂಗಳು ಮೀರುವಂತಿಲ್ಲ, ಮತ್ತೆ ಕೇಳಬೇಕು. 2024ರ ಜುಲೈ 1ರಿಂದ ಬಂದ ಹೊಸ ದಂಡ ಪ್ರಕ್ರಿಯಾ ಸಂಹಿತೆಯ 398ನೇ ಸೆಕ್ಷನ್ನು ಪ್ರತಿ ರಾಜ್ಯವೂ ಇಂಥ ಯೋಜನೆ ಹೊರಡಿಸಬೇಕು ಎನ್ನುತ್ತದೆ.

ಪಟ್ಟಿ ಓದಿದರೆ ಪಟ್ಟಣದ ಕಿಟಕಿಯ ಹೆಂಗಸಿಗೆ ಬರೆದಂತಿದೆ. ಮಾಳಿಗೆ ಮನೆಗೆ ಕ್ಯಾಮೆರಾ ಕೂರಿಸಿದರೆ, ಯಾರು ಸಾಕ್ಷಿ ಎಂದು ಗೊತ್ತಿಲ್ಲದವರಿಗೂ ಗೊತ್ತಾಯಿತು. ಬೇರೆ ಊರು ಅಂದರೆ ಹೊಲ, ಎಮ್ಮೆ, ಸಂಘದ ಸಾಲ ಎಲ್ಲ ಬಿಟ್ಟು ಹೋಗುವುದು. ಕಾನೂನಿನ ಗಮನಕ್ಕೆ ಬರುವಂಥ ಬೆದರಿಕೆಯೇ ಅಲ್ಲಿ ಇರುವುದಿಲ್ಲ. ಕೂಲಿಗೆ ಕರೆಯುವುದನ್ನು ನಿಲ್ಲಿಸಿದರು ಎಂದು ಡಿವೈಎಸ್ಪಿ ವರದಿಯಲ್ಲಿ ಬರೆಯುವುದು ಹೇಗೆ?

ಓದುಬರಹದ ಮನೆಯಲ್ಲೂ ಈ ಭಾರ ಹಗುರವಲ್ಲ. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಕಲ್ಯಾಣನಗರದ ಮನೆಯಲ್ಲಿ ಎಂ.ಎಂ. ಕಲಬುರ್ಗಿ ಅವರನ್ನು ಗುಂಡಿಟ್ಟು ಕೊಂದಾಗ ಮನೆಯಲ್ಲಿದ್ದವರು ಪತ್ನಿ ಉಮಾದೇವಿ. ಇದೇ ವಿಜಯನಗರ ಸೀಮೆಯ ಹಂಪಿಯ ಕನ್ನಡ ವಿಶ್ವವಿದ್ಯಾಲಯಕ್ಕೆ ಕುಲಪತಿಯಾಗಿದ್ದವರು, ಈ ಭಾಗದ ಶಾಸನಗಳನ್ನು ಓದಿದವರು ಕಲಬುರ್ಗಿ. ತನಿಖೆ ನಿಂತಲ್ಲೇ ನಿಂತಾಗ ಉಮಾದೇವಿಯವರು ಸುಪ್ರೀಂ ಕೋರ್ಟಿಗೆ ಹೋದರು. 2019ರಲ್ಲಿ ಅದು ವಿಶೇಷ ತನಿಖಾ ತಂಡದ ಕೈಗೆ ಬಂದು ಆರೋಪಪಟ್ಟಿಯಾಯಿತು. ನಾಲ್ಕು ವರ್ಷ ಬಾಗಿಲು ಬಡಿದವರು ಆ ಮನೆಯವರು.

ಸಾಕ್ಷಿಯ ಈ ಭಾರವನ್ನು ತೋರಿಸುವ ಸಿನಿಮಾಕ್ಕೆ ಕಥೆ ನಮ್ಮ ಸೀಮೆಯಲ್ಲೇ ಇದೆ. ಕೊಟ್ಟೂರಿನ ಕುಂ. ವೀರಭದ್ರಪ್ಪನವರು ಗೌಡ, ದೊರೆಗಳ ಅಟ್ಟಹಾಸ ಕಂಡೂ ಬಾಯಿ ಬಿಡದ ಊರುಗಳನ್ನು ಬಹಳ ಹಿಂದಿನಿಂದ ಬರೆಯುತ್ತಿದ್ದಾರೆ. ಅವರ ಕಥೆಗಳಿಂದ ‘ಕೊಟ್ರೇಶಿ ಕನಸು’, ‘ಕೂರ್ಮಾವತಾರ’ ಬಂದವು. ಹಡಗಲಿಯಲ್ಲಿ ಎಂ.ಪಿ. ಪ್ರಕಾಶ್ ಕಟ್ಟಿದ ರಂಗಭಾರತಿ ಇದೆ, ಸುತ್ತಲ ಹಳ್ಳಿಗಳಲ್ಲಿ ಬೆಳಗಿನತನಕ ಬಯಲಾಟ ನೋಡುವ ಜನ ಇದ್ದಾರೆ. ನಟರಿಗೆ, ಪ್ರೇಕ್ಷಕರಿಗೆ ಬರವಿಲ್ಲ.

ಕೋರ್ಟಿಗೆ ಅಲೆದಾಡುವುದನ್ನು ಯಾರು ಕೂತು ನೋಡುತ್ತಾರೆ ಎಂದು ನಿರ್ಮಾಪಕರು ಕೇಳಬಹುದು. 2020ರ ನವೆಂಬರಿನಲ್ಲಿ, ಟಾಕೀಸುಗಳು ಆಗತಾನೇ ಬಾಗಿಲು ತೆಗೆದಾಗ, ಮಂಸೋರೆ ಅವರ ‘ಆಕ್ಟ್ 1978’ ಬಂತು. ಬಸುರಿ ಹೆಂಗಸೊಬ್ಬಳು ತನಗೆ ಬರಬೇಕಾದ ದುಡ್ಡಿಗಾಗಿ ಅಲೆದು ಸಾಕಾಗಿ ಸರ್ಕಾರಿ ಕಚೇರಿಯನ್ನೇ ಒತ್ತೆ ಇಟ್ಟುಕೊಳ್ಳುವ ಕಥೆ. ಟೇಬಲ್ಲು, ಫೈಲು, ‘ನಾಳೆ ಬನ್ನಿ’ ಇವುಗಳಿಂದಲೇ ಅದು ಜನರನ್ನು ಕುರ್ಚಿಯ ತುದಿಗೆ ತಂದಿತು. ಸೆಷನ್ಸ್ ಕೋರ್ಟಿನ ಪಡಸಾಲೆಗೆ ಆ ಶಕ್ತಿ ಇನ್ನೂ ಹೆಚ್ಚಿದೆ. ಸಮನ್ಸ್ ಕೈಯಲ್ಲಿ ಹಿಡಿದು ಮಾಗಳದಿಂದ ಹಡಗಲಿ, ಅಲ್ಲಿಂದ ಹಗರಿಬೊಮ್ಮನಹಳ್ಳಿ ದಾಟಿ ಹೊಸಪೇಟೆ. 2023ರ ಜೂನಿನಿಂದ ಹೆಂಗಸರಿಗೆ ಬಸ್ಸು ಪುಕ್ಕಟೆ, ಆಧಾರ್ ಕಾರ್ಡ್ ತೋರಿಸಿದರೆ ಸಾಕು. ಆದ್ದರಿಂದ ಒಬ್ಬಳೇ ಹೋಗಬಲ್ಲಳು. ಜಾಮೀನಿನ ಮೇಲಿರುವ ಆರೋಪಿಗೂ ವಾಯಿದೆ ಅದೇ ದಿನ, ಆ ಹೊತ್ತಿಗೆ ಬಸ್ಸು ಇರುವುದೂ ಅದೊಂದೇ. ಅವನು ಟಿಕೆಟ್ ತಗೊಂಡು ಹಿಂದಿನ ಸೀಟಿನಲ್ಲಿ ಕೂರುತ್ತಾನೆ. ಕಂಡಕ್ಟರಿಗೆ ಇಬ್ಬರ ಊರೂ, ಇಬ್ಬರ ಕೇಸೂ ಗೊತ್ತು. ಹೊಸಪೇಟೆ ಬರುವತನಕ ಆರೋಪಿ ಒಂದು ಮಾತೂ ಆಡಬೇಕಾಗಿಲ್ಲ. ಹಿನ್ನೆಲೆ ಸಂಗೀತ ಹಾಕದೆ ಆ ಪ್ರಯಾಣವನ್ನು ಪೂರ್ತಿ ತೆಗೆಯುವ ಧೈರ್ಯವಿರುವ ನಿರ್ದೇಶಕರು ಸಿಕ್ಕರೆ ಸಾಕು, ಕಿಟಕಿಯ ಸೆಟ್ಟು ಹಾಕುವ ಖರ್ಚು ಉಳಿಯುತ್ತದೆ.